ಎರಡು ಪಾತ್ರೆಗಳ ಹಾಲು: ಒಂದು ಹಳ್ಳಿ ಡೇರಿ ಬದಲಾದ ಬಗೆ

ಈ ಪ್ರಕರಣ ನಡೆದದ್ದು ಹಳೇ ಮೈಸೂರು ಭಾಗದ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ, 2010ರ ದಶಕದ ನಡುವಿನಲ್ಲಿ. ಆಗ ನಾನು ಜಿಲ್ಲಾ ಹಾಲು ಒಕ್ಕೂಟವೊಂದರ ವಿಸ್ತರಣಾಧಿಕಾರಿ. ಆ ಸಂಘ ನನ್ನ ಮೇಲ್ವಿಚಾರಣೆಯಲ್ಲಿತ್ತು. ಊರಿನ ಹೆಸರನ್ನಾಗಲಿ ವ್ಯಕ್ತಿಗಳ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರು ಯಾವ ಹೊತ್ತಿನಲ್ಲಿ ಏನು ನಿರ್ಧರಿಸಿದರು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ. ಅವುಗಳಲ್ಲಿ ನನ್ನ ತಪ್ಪು ನಿರ್ಧಾರಗಳೂ ಇವೆ.

ಹಿನ್ನೆಲೆ

ನಮ್ಮ ರಾಜ್ಯದ ಹಾಲಿನ ಸಹಕಾರ ವ್ಯವಸ್ಥೆಗೆ ಮೂರು ಹಂತ: ಊರಿನ ಸಂಘ, ಜಿಲ್ಲಾ ಮಟ್ಟದ ಒಕ್ಕೂಟ, ರಾಜ್ಯದ ಮಹಾಮಂಡಳ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಡೇರಿ ಅಭಿವೃದ್ಧಿ ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ನಾನು ಹೇಳುತ್ತಿರುವ ಸಂಘವೂ ಅದೇ ದಶಕದ ಕೂಸು. ದಿನವೂ ಹಾಲು ಹಾಕುವ ಮನೆಗಳು ನೂರೈವತ್ತರ ಆಸುಪಾಸು. ಬಹುಪಾಲು ಮನೆಗಳಲ್ಲಿ ಒಂದೋ ಎರಡೋ ಸೀಮೆಹಸು. ಪುಸ್ತಕ ಗಂಡಸರ ಹೆಸರಿನಲ್ಲಿದ್ದರೂ ಕರೆಯುವವರು, ತರುವವರು ಹೆಂಗಸರು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಆ ದುಡ್ಡಿನಿಂದಲೇ ಅಂಗಡಿಯ ಸಾಲ, ಸ್ವಸಹಾಯ ಗುಂಪಿನ ಕಂತು, ಮಕ್ಕಳ ಬಸ್ ಪಾಸು.

ಸಂಘದ ನಡುಗಂಬ ಅಧ್ಯಕ್ಷರೂ ಅಲ್ಲ, ಕಾರ್ಯದರ್ಶಿಯೂ ಅಲ್ಲ, ಹಾಲು ಪರೀಕ್ಷಕ. ಸಂಘ ಶುರುವಾದಾಗಿನಿಂದ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಅಷ್ಟೇ ಹೊತ್ತಿಗೆ ಅದೇ ಕಿಟಕಿಯಲ್ಲಿ ನಿಂತವರು. ಹಾಲನ್ನು ಮೂಸಿ ನೋಡಿ, ಸ್ಯಾಂಪಲ್ ತೆಗೆದು, ಹಾಲಿನ ಸಾಂದ್ರತೆ ಅಳೆಯುವ ಗಾಜಿನ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ಹೇಳುತ್ತಿದ್ದರು. ಡಿಗ್ರಿ ನಿಂತರೆ ಹಾಲು ಕ್ಯಾನಿಗೆ. ಕ್ಯಾನಿಗೆ ಬಿದ್ದ ಮೇಲೆ ಎಲ್ಲರ ಹಾಲಿಗೂ ಲೀಟರಿಗೆ ಒಂದೇ ದರ. ಗಟ್ಟಿ ಹಾಲಿನವರಿಗೂ ತೆಳು ಹಾಲಿನವರಿಗೂ ಒಂದೇ ಬೆಲೆ ಸಿಗುವುದು ಅನ್ಯಾಯವೆಂದು ಆಗಾಗ ಯಾರಾದರೂ ಗೊಣಗುತ್ತಿದ್ದರು. ಆದರೆ ಗೊಣಗಿದವರ ಹಸುವೂ ಒಂದಲ್ಲ ಒಂದು ದಿನ ತೆಳು ಹಾಲು ಕೊಡುತ್ತಿದ್ದುದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಸಮಸ್ಯೆ

2008ರ ಸೆಪ್ಟೆಂಬರಿನಿಂದ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಆರಂಭಿಸಿತು, ಆಮೇಲೆ ಅದು ಏರುತ್ತಲೂ ಹೋಯಿತು. ಎಷ್ಟು ಲೀಟರ್ ಎಂಬುದು ಮುಖ್ಯವಾಯಿತು; ಎಂಥ ಹಾಲು ಎಂಬುದು ಹಿಂದೆ ಸರಿಯಿತು. ಈ ಸಂಘದ ಕ್ಯಾನುಗಳಲ್ಲಿ ಎಸ್‌ಎನ್‌ಎಫ್, ಅಂದರೆ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ, ತಿಂಗಳಿನಿಂದ ತಿಂಗಳಿಗೆ ಇಳಿಯಿತು. ಮಾರಾಟಕ್ಕೆ ಹೋಗುವ ಟೋನ್ಡ್ ಹಾಲಿನಲ್ಲಿ ಶೇಕಡಾ 3.0 ಫ್ಯಾಟ್ (ಕೊಬ್ಬು), ಶೇಕಡಾ 8.5 ಎಸ್‌ಎನ್‌ಎಫ್ ಇರಲೇಬೇಕು. ಹಳ್ಳಿಯ ಹಾಲಿನಲ್ಲಿ ಅದು ಕಡಿಮೆಯಿದ್ದರೆ ಡೇರಿಯಲ್ಲಿ ಹಾಲಿನ ಪುಡಿ ಬೆರೆಸಿ ತುಂಬಿಸಬೇಕು, ಆ ಖರ್ಚು ಕೊನೆಗೆ ಉತ್ಪಾದಕರ ತಲೆಯ ಮೇಲೆಯೇ ಬರುತ್ತದೆ. ಒಕ್ಕೂಟ ಸಂಘಕ್ಕೆ ಕೊಡುವ ದರವನ್ನು ಕಡಿತ ಮಾಡಿತು. ಒಂದು ದಿನ ಎರಡು ಕ್ಯಾನುಗಳು ವಾಪಸ್ಸೇ ಬಂದವು.

ಉಪಾಯ ಒಕ್ಕೂಟದ ಬಳಿ ಸಿದ್ಧವಾಗಿತ್ತು. ತೂಕದ ಯಂತ್ರ, ಹಾಲಿನ ವಿಶ್ಲೇಷಕ, ಕಂಪ್ಯೂಟರ್, ಚೀಟಿ ಮುದ್ರಿಸುವ ಪ್ರಿಂಟರ್. ಪ್ರತಿಯೊಬ್ಬರ ಹಾಲನ್ನು ಪ್ರತ್ಯೇಕವಾಗಿ ಅಳೆದು, ಅವರವರ ಗುಣಮಟ್ಟಕ್ಕೆ ಅವರವರ ದರ. ಇದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಈಗಲೂ ಇಲ್ಲ. ಅನುಮಾನ ಇರಬೇಕಾಗಿದ್ದದ್ದು ನಾವು ಅದನ್ನು ತಂದ ರೀತಿಯ ಮೇಲೆ.

ಮೊದಲ ಪ್ರಯತ್ನ

ಶಾಮಿಯಾನ ಹಾಕಿ, ಯಂತ್ರಕ್ಕೆ ಪೂಜೆ ಮಾಡಿ, ಉದ್ಘಾಟನೆ ನಡೆಯಿತು. ಮರುದಿನ ಬೆಳಿಗ್ಗೆಯಿಂದಲೇ ಹೊಸ ದರಪಟ್ಟಿ ಜಾರಿಗೆ ಬರಲಿ ಎಂದು ಹೇಳಿದವನು ನಾನು. ನಿಧಾನ ಮಾಡಿದರೆ ವಿರೋಧ ಬೆಳೆಯುತ್ತದೆ, ಬ್ಯಾಂಡೇಜನ್ನು ಒಂದೇ ಸಲಕ್ಕೆ ಕಿತ್ತಂತೆ ಮುಗಿಸಿಬಿಡೋಣ ಎಂಬುದು ನನ್ನ ವಾದ. ಯಂತ್ರದ ಮುಂದೆ ಕೂರಲು ಪಿಯುಸಿ ಓದಿದ ಹುಡುಗನೊಬ್ಬನನ್ನು ತೆಗೆದುಕೊಂಡೆವು. ಹಳೆಯ ಪರೀಕ್ಷಕರಿಗೆ ಕ್ಯಾನು ತೊಳೆಸುವ ಮತ್ತು ಸ್ಥಳೀಯ ಮಾರಾಟ ನೋಡಿಕೊಳ್ಳುವ ಕೆಲಸ ವಹಿಸಿದೆವು. ಅವರು ಏನೂ ಹೇಳಲಿಲ್ಲ. ಲ್ಯಾಕ್ಟೋಮೀಟರನ್ನು ಒರೆಸಿ, ಹತ್ತಿಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟರು. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಪರದೆ ಹುಡುಗನ ಕಡೆಗಿತ್ತು. ಅವನು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದ. "ಎಸ್‌ಎನ್‌ಎಫ್ ಏಳು ಎಂಟು" ಎಂದರೆ ಸಾಲಿನಲ್ಲಿ ನಿಂತವರ ಬಾಯಲ್ಲಿ ಬರುವುದು ಒಂದೇ ಪದ: ನೀರು. ಹಾಲಿನಲ್ಲಿ ಘನಾಂಶ ಕಡಿಮೆಯಾಗಲು ಹತ್ತು ಕಾರಣಗಳಿವೆ. ಬರಿಯ ಒಣಹುಲ್ಲು ತಿಂದ ಹಸು, ಬೇಸಿಗೆಯ ಧಗೆ, ಖನಿಜದ ಕೊರತೆ, ಹೊರಗೆ ಕಾಣಿಸದ ಕೆಚ್ಚಲು ಬಾವು. ಫ್ಯಾಟ್ ಅಂತೂ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಮೊದಲು ಕರೆದ ಹಾಲಿನಲ್ಲಿ ಕಡಿಮೆ, ಕೊನೆಯಲ್ಲಿ ಹಿಂಡಿದ ಹಾಲಿನಲ್ಲಿ ಹೆಚ್ಚು. ಕರುವಿಗೆಂದು ಕೊನೆಯ ಹಾಲನ್ನು ಬಿಟ್ಟ ಮನೆಗೆ ಡೇರಿಯಲ್ಲಿ ಫ್ಯಾಟ್ ಇಳಿದೇ ಇಳಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಹೆಂಗಸರ ಸಭೆ ಕರೆದು ಮೊದಲೇ ಹೇಳಬೇಕೆಂದು ಹೊಳೆಯಲಿಲ್ಲ.

ಹದಿನೈದನೆಯ ದಿನ ಬಟವಾಡೆಯಾಯಿತು. ಕೆಲವರಿಗೆ ಮೊದಲಿಗಿಂತ ಹೆಚ್ಚು ಸಿಕ್ಕಿತು, ಅವರು ಸುಮ್ಮನಿದ್ದರು. ಕಡಿಮೆ ಸಿಕ್ಕಿದವರು ಸುಮ್ಮನಿರಲಿಲ್ಲ. ಊರಿನ ತಿರುವಿನಲ್ಲಿ ಖಾಸಗಿ ಡೇರಿಯ ವ್ಯಾನೊಂದು ಬಂದು ನಿಲ್ಲಲು ಆರಂಭಿಸಿತ್ತು: ಫ್ಯಾಟ್ ಕೇಳುವುದಿಲ್ಲ, ಲೀಟರಿಗೆ ಇಷ್ಟು, ಕೈಗೆ ದುಡ್ಡು. ಮುಂದಿನ ವಾರದ ಹೊತ್ತಿಗೆ ನಮ್ಮ ಕ್ಯಾನುಗಳಲ್ಲಿ ಮೂರರಲ್ಲಿ ಒಂದು ಖಾಲಿ.

ಆಡಳಿತ ಮಂಡಳಿಯೊಳಗೂ ಅಸಮಾಧಾನವಿತ್ತು, ಅದರ ಕಾರಣ ಬೇರೆ. ಹಿಂದೆ ಪ್ರತಿ ಸಲವೂ ಸ್ಯಾಂಪಲ್ಲಿಗೆಂದು ಒಂದು ಸಣ್ಣ ಲೋಟ ಹಾಲು ತೆಗೆಯುತ್ತಿದ್ದರು. ಅಳತೆ ಪಾತ್ರೆಯ ಅಂಚಿನಿಂದ ಚೆಲ್ಲಿದ್ದೂ ಸಂಘದ್ದೇ. ನೂರೈವತ್ತು ಮನೆ, ದಿನಕ್ಕೆರಡು ಹೊತ್ತು. ಆ ಸ್ಯಾಂಪಲ್ ಹಾಲನ್ನು ಮಾರಿಯೇ ಸಿಬ್ಬಂದಿಯ ಸಂಬಳದ ಒಂದು ಪಾಲು ಹೊರಡುತ್ತಿತ್ತು. ಹೊಸ ಯಂತ್ರಕ್ಕೆ ಕೆಲವೇ ಮಿಲಿಲೀಟರ್ ಸಾಕು, ತೂಕದಲ್ಲಿ ಚೆಲ್ಲುವ ಮಾತೇ ಇಲ್ಲ. ಸದಸ್ಯರಿಂದ ಪಾರದರ್ಶಕತೆ ಕೇಳಿದ ಸಂಘ ತನ್ನ ಪುಸ್ತಕದಲ್ಲಿ ಕಾಣದ ಆದಾಯವನ್ನು ಮೊದಲು ಬಿಟ್ಟುಕೊಡಬೇಕಾಯಿತು. ಯಂತ್ರ ಬೇಡವೆಂದು ಇಬ್ಬರು ನಿರ್ದೇಶಕರು ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ. ಆದರೆ ಸಭೆಯಲ್ಲಿ ಅವರು ಆಡಿದ ಮಾತು ಬಡ ರೈತರ ಕಷ್ಟದ್ದು.

ಎರಡು ಪಾತ್ರೆಗಳು

ಮೂರನೆಯ ವಾರದ ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ. ಅರವತ್ತು ದಾಟಿದ ಒಬ್ಬ ಅಜ್ಜಿ ಒಂದೇ ಬಗೆಯ ಎರಡು ಸ್ಟೀಲು ಪಾತ್ರೆಗಳನ್ನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಒಂದನ್ನು ತಮ್ಮ ನಂಬರಿಗೆ ಹಾಕಿದರು: ಫ್ಯಾಟ್ 3.8. ಇನ್ನೊಂದನ್ನು ಪಾಲಾಗಿ ಬೇರೆ ಇದ್ದ ಮಗನ ನಂಬರಿಗೆ ಹಾಕಿದರು: 3.2. ಎರಡು ಚೀಟಿಗಳನ್ನೂ ಕೈಯಲ್ಲಿ ಹಿಡಿದು ಕೇಳಿದರು: "ಹಸು ಒಂದೇ, ಕರೆದ ಬಿಂದಿಗೆಯೂ ಒಂದೇ. ಕಲಕಿ ಅರ್ಧರ್ಧ ಮಾಡಿಕೊಂಡು ಬಂದಿದ್ದೇನೆ. ಎರಡು ದರ ಹೇಗೆ ಬಂತು, ನೀವೇ ಹೇಳಿ ಸ್ವಾಮಿ."

ಸಾಲು ಸ್ತಬ್ಧವಾಯಿತು. ನನ್ನ ನಾಲಗೆಯ ತುದಿಗೆ ವಿವರಣೆಗಳು ಬಂದಿದ್ದವು. ನನಗಿಂತ ಮೊದಲು ಕಾರ್ಯದರ್ಶಿ ಮಾತಾಡಿದರು. ಮೂವತ್ತೈದರ ಆಸುಪಾಸಿನ, ಹೆಚ್ಚು ಮಾತಿಲ್ಲದ ಮನುಷ್ಯ. "ಅವ್ವಾ, ನೀವು ಕೇಳಿದ್ದು ನ್ಯಾಯವಾಗಿದೆ. ನನಗೆ ಉತ್ತರ ಗೊತ್ತಿಲ್ಲ. ಸಂಜೆಯೊಳಗೆ ತಿಳಿದು ಹೇಳುತ್ತೇನೆ. ಎರಡು ಪಾತ್ರೆಯಿಂದಲೂ ಒಂದೊಂದು ಲೋಟ ಹಾಲು ಇಟ್ಟು ಹೋಗಿ." ಈ ಪ್ರಕರಣದಲ್ಲಿ ಗಾಳಿ ದಿಕ್ಕು ಬದಲಿಸಿದ್ದು ಆ ಮಾತಿನಿಂದ ಎಂದು ನಾನು ನಂಬಿದ್ದೇನೆ.

ಅವರು ನೇರವಾಗಿ ಕ್ಯಾನು ತೊಳೆಯುವ ಕಟ್ಟೆಗೆ ಹೋಗಿ ಹಳೆಯ ಪರೀಕ್ಷಕರನ್ನು ಕರೆತಂದರು. ಬೀರುವಿನಲ್ಲಿ ಗರ್ಬರ್ ಪರೀಕ್ಷೆಯ, ಅಂದರೆ ಆಮ್ಲ ಬೆರೆಸಿ ಹಾಲಿನ ಕೊಬ್ಬನ್ನು ಅಳೆಯುವ ವಿಧಾನದ, ಸಾಮಾನು ಇನ್ನೂ ಇತ್ತು. ಬ್ಯುಟಿರೋಮೀಟರ್ ಎಂಬ ಗೆರೆ ಹಾಕಿದ ಗಾಜಿನ ನಳಿಗೆಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಅವರ ಕೈ ನಡುಗಲಿಲ್ಲ. ಸೆಂಟ್ರಿಫ್ಯೂಜ್ ತಿರುಗಿ ನಿಂತಾಗ ಎರಡೂ ನಳಿಗೆಗಳಲ್ಲಿ ಕೊಬ್ಬಿನ ಪಟ್ಟಿ ಒಂದೇ ಗೆರೆಗೆ ನಿಂತಿತು, 3.9ಕ್ಕೆ. ಅವರ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ. "ಯಂತ್ರ ಕೆಟ್ಟದ್ದಲ್ಲ ಸಾರ್. ಅದನ್ನು ಯಾರೂ ತೊಳೆದಿಲ್ಲ" ಎಂದರು.

ನಿಜ ಅದೇ ಆಗಿತ್ತು. ಆ ವಿಶ್ಲೇಷಕ ಹಾಲಿನ ಮೂಲಕ ಶ್ರವಣಾತೀತ ಧ್ವನಿ ತರಂಗಗಳನ್ನು ಹಾಯಿಸಿ ಅಳೆಯುವಂಥದ್ದು. ಒಳಗಿನ ಕೊಳವೆಯಲ್ಲಿ ಹಾಲಿನ ಪದರ ಕಟ್ಟಿದರೆ, ಸ್ಯಾಂಪಲ್ಲಿನಲ್ಲಿ ನೊರೆಯ ಗುಳ್ಳೆಗಳಿದ್ದರೆ ಅಂಕಿ ಅಲ್ಲಾಡುತ್ತದೆ. ಪ್ರತಿ ಹೊತ್ತೂ ಶುಚಿಗೊಳಿಸುವ ದ್ರಾವಣ ಹಾಯಿಸಬೇಕು. ದ್ರಾವಣ ಮೊದಲ ವಾರದಲ್ಲೇ ಮುಗಿದಿತ್ತು. ಹುಡುಗ ಬರೀ ಬಿಸಿನೀರು ಹಾಯಿಸುತ್ತಿದ್ದ, ಕೇಳಲು ಅಂಜಿದ್ದ. ಆಗ ತಾನೇ ಕರೆದ ನೊರೆಹಾಲನ್ನು ಒಂದು ನಿಮಿಷವೂ ತಣಿಯಲು ಬಿಡದೆ ಅಳೆಯುತ್ತಿದ್ದ, ಏಕೆಂದರೆ ಸಾಲು ಬೇಗ ಕರಗಬೇಕೆಂದು ನಾನೇ ಒತ್ತಾಯಿಸಿದ್ದೆ.

ಆ ರಾತ್ರಿಯ ಸಭೆ

ರಾತ್ರಿ ಎಂಟಕ್ಕೆ ಆಡಳಿತ ಮಂಡಳಿ ಸೇರಿತು. ಕೊಳವೆ ತೊಳೆದು, ಯಂತ್ರವನ್ನು ಸರಿಹೊಂದಿಸಿ, ಸದ್ದಿಲ್ಲದೆ ಮುಂದುವರಿಯೋಣ ಎಂದು ನಾನು ಸಲಹೆ ಕೊಟ್ಟೆ. ಅಧ್ಯಕ್ಷರೂ ಅದನ್ನೇ ಹೇಳಿದರು: "ಯಂತ್ರ ತಪ್ಪು ಹೇಳಿತೆಂದು ನಾವೇ ಮೈಕಿನಲ್ಲಿ ಸಾರಿದರೆ ನಾಳೆಯಿಂದ ಅದನ್ನು ನಂಬುವವರು ಯಾರು?"

ಕಾರ್ಯದರ್ಶಿ ಒಪ್ಪಲಿಲ್ಲ. "ಅಧ್ಯಕ್ಷರೇ, ಅದು ಊರಿಗೆಲ್ಲ ಆಗಲೇ ಗೊತ್ತಾಗಿದೆ. ನಮಗೂ ಗೊತ್ತಿದೆ ಎಂಬುದು ಮಾತ್ರ ಊರಿಗೆ ಗೊತ್ತಿಲ್ಲ."

ಒಂದು ಗಂಟೆಯ ಚರ್ಚೆಯ ನಂತರ ತಪ್ಪು ಒಪ್ಪಿಕೊಳ್ಳುವುದು ಎಂದಾಯಿತು. ಅದಕ್ಕಿಂತ ಕಠಿಣ ಪ್ರಶ್ನೆ ದುಡ್ಡಿನದು. ಯಾರಿಗೆ ಎಷ್ಟು ನಷ್ಟವಾಗಿದೆ ಎಂದು ಲೆಕ್ಕ ಹಾಕುವ ದಾರಿಯೇ ಇರಲಿಲ್ಲ, ಹಳೆಯ ಹಾಲು ಹೋಗಿಯಾಗಿತ್ತು. ಕೊನೆಗೆ ಹೀಗೆ ಮಾಡಿದರು: ಆ ಬಟವಾಡೆಯಲ್ಲಿ ಯಾರಿಗೂ ಹಳೆಯ ಒಂದೇ ದರಕ್ಕಿಂತ ಕಡಿಮೆ ಆಗಬಾರದು, ಕಡಿಮೆ ಸಿಕ್ಕವರಿಗೆ ವ್ಯತ್ಯಾಸ ತುಂಬಿಕೊಡುವುದು, ಹೆಚ್ಚು ಸಿಕ್ಕವರಿಂದ ವಾಪಸ್ಸು ಕೇಳದಿರುವುದು. ಹಣ ಸ್ಥಳೀಯ ಮಾರಾಟದ ಲಾಭದಿಂದ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಆಕ್ಷೇಪ ಬರೆದರು, ಬರೆಯಬೇಕಾದದ್ದೇ. ಸರ್ವಸದಸ್ಯರ ವಾರ್ಷಿಕ ಸಭೆ ಅದಕ್ಕೆ ಅನುಮೋದನೆ ನೀಡಿತು. ಒಬ್ಬರೂ ವಿರೋಧಿಸಲಿಲ್ಲ.

ಮಾರನೆಯ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಮಾತಾಡಿದವರು ಅಧ್ಯಕ್ಷರೇ. ಹಿಂದಿನ ರಾತ್ರಿ ಬೇಡವೆಂದಿದ್ದವರು ತಾವೇ ಮೈಕು ಹಿಡಿದದ್ದು ದೊಡ್ಡ ಮಾತು. ತಪ್ಪು ಹುಡುಗನದೆಂದು ಅವರು ಹೇಳಲಿಲ್ಲ. "ಯಂತ್ರವನ್ನು ನೋಡಿಕೊಳ್ಳುವುದು ಹೇಗೆಂದು ಕಲಿಯದೆ ನಿಮ್ಮ ಹಾಲನ್ನು ಅಳೆದೆವು" ಎಂದರು.

ಎರಡನೆಯ ಪ್ರಯತ್ನ

ಮುಂದಿನ ಎರಡು ಬಟವಾಡೆಗಳಲ್ಲಿ ಯಂತ್ರ ಅಳೆಯಿತು, ಚೀಟಿ ಕೊಟ್ಟಿತು, ದುಡ್ಡು ಮಾತ್ರ ಹಳೆಯ ದರದಲ್ಲೇ. ತಮ್ಮ ಹಸುವಿನ ಅಂಕಿಯನ್ನು ಜನ ನಷ್ಟದ ಭಯವಿಲ್ಲದೆ ನೋಡಲು ಸಿಕ್ಕ ತಿಂಗಳು ಅದು. ಹೆಂಗಸರು ಚೀಟಿಗಳನ್ನು ಗೋಡೆಯ ಮೊಳೆಗೆ ಚುಚ್ಚಿಟ್ಟು, ಬೂಸಾ ಹಾಕಿದ ದಿನ ಎಷ್ಟು, ಹಸಿಮೇವು ಹಾಕಿದ ದಿನ ಎಷ್ಟು ಎಂದು ಹೋಲಿಸತೊಡಗಿದರು. ನನ್ನ ಇಷ್ಟು ವರ್ಷಗಳ ವಿಸ್ತರಣಾ ಭಾಷಣಗಳು ಮಾಡದ ಕೆಲಸವನ್ನು ಆ ಚೀಟಿಗಳು ಮಾಡಿದವು.

ಪರದೆಯನ್ನು ಹಾಲು ಹಾಕುವವರ ಕಡೆಗೆ ತಿರುಗಿಸಿದೆವು. ಅಂಕಿಯನ್ನು ಕೂಗುವುದನ್ನು ನಿಲ್ಲಿಸಿದೆವು. ಇದನ್ನು ಕೇಳಿದ್ದು ಹೆಂಗಸರೇ. ಎಲ್ಲರಿಗೂ ಎಲ್ಲವೂ ಕಾಣಬೇಕೆಂಬುದು ಪಾರದರ್ಶಕತೆ ಎಂದು ನಾನು ಭಾವಿಸಿದ್ದೆ. ತನ್ನ ಅಂಕಿ ತನಗೆ ಸ್ಪಷ್ಟವಾಗಿ ಕಾಣಬೇಕು, ಪಕ್ಕದವಳಿಗಲ್ಲ, ಎಂಬುದು ಅವರ ತಿಳಿವಳಿಕೆ. ಅವರದೇ ಸರಿ. ಕಿಟಕಿಯ ಬಳಿ "ನೀರು" ಎಂಬ ಪದವನ್ನು ಸಿಬ್ಬಂದಿ ಆಡಬಾರದೆಂದು ಮಂಡಳಿ ಠರಾವು ಮಾಡಿತು.

ಹಳೆಯ ಪರೀಕ್ಷಕರು ಕಿಟಕಿಗೆ ಮರಳಿದರು, ಹೊಸ ಜವಾಬ್ದಾರಿಯೊಂದಿಗೆ. ಪ್ರತಿ ಭಾನುವಾರ, ಯಾರೇ ಕೇಳಿದರೂ, ಅವರ ಹಾಲನ್ನು ಎಲ್ಲರೆದುರು ಗರ್ಬರ್ ವಿಧಾನದಲ್ಲಿ ಪರೀಕ್ಷಿಸಿ ಯಂತ್ರದ ಅಂಕಿಯ ಜೊತೆ ಹೋಲಿಸುವುದು. ವ್ಯತ್ಯಾಸ ಹೆಚ್ಚಾದರೆ ಯಂತ್ರವನ್ನು ನಿಲ್ಲಿಸುವ ಅಧಿಕಾರ ಅವರದು, ಕಾರ್ಯದರ್ಶಿಯನ್ನೂ ಕೇಳಬೇಕಾಗಿಲ್ಲ. ಮೊದಲ ಭಾನುವಾರಗಳಲ್ಲಿ ಕಟ್ಟೆಯ ಸುತ್ತ ಜಾತ್ರೆಯಷ್ಟು ಜನ. ಆರು ತಿಂಗಳಾಗುವಷ್ಟರಲ್ಲಿ ಕೇಳುವವರು ಒಬ್ಬಿಬ್ಬರಿಗೆ ಇಳಿದರು. ಹುಡುಗ ಅವರಿಂದ ಗರ್ಬರ್ ಕಲಿತ, ಅವರು ಹುಡುಗನಿಂದ ಕಂಪ್ಯೂಟರಿನಲ್ಲಿ ಬಟವಾಡೆ ಪಟ್ಟಿ ತೆಗೆಯುವುದನ್ನು ಕಲಿತರು.

ಸ್ಯಾಂಪಲ್ ಹಾಲಿನ ಆದಾಯ ಹೋಯಿತು. ಅದರ ಬದಲಿಗೆ ಸಿಬ್ಬಂದಿಯ ಸಂಬಳಕ್ಕೆಂದು ಪ್ರತಿ ಕಿಲೋ ಹಾಲಿಗೆ ಸಣ್ಣ ಮೊತ್ತವನ್ನು ಬಹಿರಂಗವಾಗಿ ಹಿಡಿಯುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಮೊದಲು ಕಾಣದೆ ಹೋಗುತ್ತಿದ್ದದ್ದು ಈಗ ಚೀಟಿಯ ಮೇಲೆ ಕಾಣುತ್ತದೆ. ಇದಕ್ಕೆ ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ, ಆಗಲಿಲ್ಲ.

ಏನಾಯಿತು

ವ್ಯಾನಿಗೆ ಹೋದವರಲ್ಲಿ ಹೆಚ್ಚಿನವರು ಮಳೆಗಾಲದ ಹೊತ್ತಿಗೆ ಮರಳಿದರು. ಹಸಿಮೇವು ಬೆಳೆದು ಹಾಲು ಹೆಚ್ಚಾದಾಗ ವ್ಯಾನು ದರ ಇಳಿಸಿತು, ಕೆಲವು ದಿನ ಬರಲೂ ಇಲ್ಲ. ಸಂಘ ಮಾತ್ರ ಎರಡೂ ಹೊತ್ತು ಬಾಗಿಲು ತೆರೆದಿತ್ತು. ಅವರು ಮರಳಿದ್ದು ಪೂರ್ತಿಯಾಗಿ ನಮ್ಮ ಜಾಣತನದಿಂದಲ್ಲ ಎಂದು ಹೇಳಲೇಬೇಕು. ಹತ್ತಕ್ಕೂ ಹೆಚ್ಚು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹಸುಗಳಿದ್ದ ಇಬ್ಬರು ದೊಡ್ಡ ಉತ್ಪಾದಕರು ಮರಳಲಿಲ್ಲ. ಆ ತಳಿಯ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಗುಣಮಟ್ಟದ ದರ ಅವರಿಗೆ ಕಟ್ಟಲಿಲ್ಲ. ಸಂಘದ ಎಸ್‌ಎನ್‌ಎಫ್ ನಿಧಾನವಾಗಿ ಏರಿತು, ಒಕ್ಕೂಟದ ಕಡಿತ ನಿಂತಿತು.

ಕಲಿತದ್ದು

ಬೇರೆ ಸಂಘಗಳಿಗೆ ಇದೇ ವ್ಯವಸ್ಥೆಯನ್ನು ತರುವಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಏನು ತಪ್ಪಿದೆ ಎಂದು ಎಲ್ಲರೂ ಹೇಳುತ್ತಾರೆ. ಯಾರೂ ಬರೆದಿಡದ ಯಾವ ಕೆಲಸವನ್ನು ಆ ಪದ್ಧತಿ ಮಾಡುತ್ತಿತ್ತು ಎಂದು ಕೇಳಬೇಕು. ಇಲ್ಲಿ ಅದು ಎರಡು ಕೆಲಸ ಮಾಡುತ್ತಿತ್ತು. ಸಂಬಳ ಹೊರಡಿಸುತ್ತಿತ್ತು, ಮತ್ತು ಕಷ್ಟದಲ್ಲಿದ್ದವರ ಹಾಲನ್ನು, ಡಿಗ್ರಿ ಒಂದು ಗೆರೆ ಕೆಳಗಿದ್ದರೂ, ಗಟ್ಟಿ ಹಾಲಿನ ಕ್ಯಾನಿಗೆ ಸುರಿಯುವ ಒಬ್ಬ ಪರೀಕ್ಷಕನನ್ನು ಕಿಟಕಿಯಲ್ಲಿ ನಿಲ್ಲಿಸಿತ್ತು. ನಿಯಮದ ಪ್ರಕಾರ ಅದು ತಪ್ಪು. ನಾವು ಆ ಮನುಷ್ಯನನ್ನು ತೆಗೆದಾಗ ಆ ಕರುಣೆಯನ್ನೂ ತೆಗೆದೆವು, ತೆಗೆದೆವೆಂದು ನಮಗೆ ಗೊತ್ತೇ ಆಗಲಿಲ್ಲ. ಸಂಬಳಕ್ಕೆ ಬದಲಿ ದಾರಿಯನ್ನು ಒಂದೇ ಸಭೆಯಲ್ಲಿ ಹುಡುಕಿದೆವು. ಕರುಣೆಗೆ ಬದಲಿ ಹುಡುಕಲು ಒಂದು ವರ್ಷ ಹಿಡಿಯಿತು: ಅಂಕಿ ಇಳಿದ ಮನೆಯ ಹಾಲನ್ನು ಕೂಡಲೇ ವಾಪಸ್ಸು ಕಳಿಸದೆ ಮೂರು ದಿನ ಕಾಯುವುದು, ಅಷ್ಟರೊಳಗೆ ಪಶುವೈದ್ಯರು ಬಂದು ಕೆಚ್ಚಲು ನೋಡುವುದು, ಖನಿಜ ಮಿಶ್ರಣ ಸಾಲವಾಗಿ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳುವುದು.

ತಪ್ಪನ್ನು ಒಪ್ಪಿಕೊಂಡರೆ ನಂಬಿಕೆ ಕುಸಿಯುತ್ತದೆ ಎಂಬ ನನ್ನ ಲೆಕ್ಕವೂ ತಲೆಕೆಳಗಾಯಿತು. ಆದರೆ ಒಪ್ಪಿಗೆಯೊಂದೇ ಸಾಲುತ್ತಿರಲಿಲ್ಲ. ಅದರ ಹಿಂದೆಯೇ ದುಡ್ಡು ಬಂತು, ಪರದೆ ತಿರುಗಿತು, ಯಂತ್ರವನ್ನು ನಿಲ್ಲಿಸುವ ಅಧಿಕಾರ ಊರಿನವರು ನಂಬಿದ ಕೈಗೆ ಹೋಯಿತು. ಇವಿಲ್ಲದೆ ಅಧ್ಯಕ್ಷರ ಭಾಷಣವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಬಾಕಿ ಉಳಿದದ್ದು

ಮೊದಲ ವಾರದಲ್ಲೇ ಹಾಲು ವಾಪಸ್ಸಾದವರಲ್ಲಿ ಒಬ್ಬ ಒಂಟಿ ಹೆಂಗಸಿದ್ದರು, ಒಂದೇ ಹಸುವಿನವರು. ಪರೀಕ್ಷಕರು ಎರಡು ವರ್ಷದಿಂದ ಅವರ ಹಾಲನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರಂತೆ. ಹುಡುಗ ಅಂಕಿ ಕೂಗಿದ ದಿನ ಸಾಲಿನಲ್ಲಿ ಯಾರೋ ಆಡಿದ ಮಾತು ಕೇಳಿ ಅವರು ಪಾತ್ರೆ ಎತ್ತಿಕೊಂಡು ಹೋದರು. ಆಮೇಲೆ ಹೋಟೆಲಿಗೆ ಅಗ್ಗಕ್ಕೆ ಕೊಡತೊಡಗಿದರು.

ಪಶುವೈದ್ಯರ ಭೇಟಿ ಶುರುವಾದ ಮೇಲೆ ಕಾರ್ಯದರ್ಶಿ ಅವರ ಮನೆಗೂ ಕಳಿಸಿದರು. ನಾನೂ ಹೋಗಿದ್ದೆ. ನಾಲ್ಕು ಗುಳಿಗಳ ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಹಿಂಡಿ ದ್ರಾವಣ ಬೆರೆಸಿದಾಗ ಎರಡು ಗುಳಿಗಳಲ್ಲಿ ಹಾಲು ಗಂಜಿಯಂತೆ ಗಟ್ಟಿಯಾಯಿತು. ಸುಪ್ತ ಕೆಚ್ಚಲು ಬಾವು. ಅವರು ಒಂದು ಹನಿ ನೀರನ್ನೂ ಬೆರೆಸಿರಲಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಹಸುವಿನ ಬೆನ್ನು ಸವರುತ್ತಾ ಕೇಳಿಸಿಕೊಂಡರು. ಆಮೇಲೆ, "ಆ ಮಾತು ಆಡಿದವರಿಗೂ ಇದನ್ನು ಹೇಳಿದ್ದೀರಾ?" ಎಂದು ಕೇಳಿದರು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅಧ್ಯಕ್ಷರು ಹೆಸರು ಹೇಳದೆ ಅದನ್ನು ವಿವರಿಸಿದರು. ಯಾರ ಬಗ್ಗೆ ಎಂದು ಎಲ್ಲರಿಗೂ ತಿಳಿಯಿತು. ಅವರು ಆ ಸಭೆಗೆ ಬಂದಿರಲಿಲ್ಲ. ಹಸು ಗುಣವಾದ ಮೇಲೂ ಅವರು ಹಾಲನ್ನು ಹೋಟೆಲಿಗೇ ಕೊಡುತ್ತಿದ್ದರು. ನಾನು ಆ ಮಾರ್ಗದಿಂದ ವರ್ಗವಾಗಿ ಹೋಗುವವರೆಗೂ ಸಂಘದ ಪುಸ್ತಕದಲ್ಲಿ ಅವರ ನಂಬರನ್ನು ಕಾರ್ಯದರ್ಶಿ ಬೇರೆ ಯಾರಿಗೂ ಕೊಟ್ಟಿರಲಿಲ್ಲ.